ಮೂರು ಡಬ್ಬಿ, ಒಂದೇ ಪಂಕ್ತಿ

ಜೂನ್ 10, ಸೋಮವಾರ

ಈ ಡೈರಿ ಅಪ್ಪನದು. ಮಧುಗಿರಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅಪ್ಪನಿಗೆ ಯೂನಿಯನ್‌ನವರು ವರ್ಷಕ್ಕೊಂದು ಡೈರಿ ಕೊಡುತ್ತಾರೆ. ಅಪ್ಪ ಅದರಲ್ಲಿ ಒಂದಕ್ಷರ ಬರೆದವನಲ್ಲ. ಅಮ್ಮ ಇದ್ದಾಗ ರಂಗೋಲಿ ಚುಕ್ಕಿ ಹಾಕಿಟ್ಟುಕೊಳ್ಳುತ್ತಿದ್ದಳು. ಈ ವರ್ಷದ್ದು ಟಿವಿ ಕೆಳಗೆ ಖಾಲಿ ಬಿದ್ದಿತ್ತು, ಎತ್ತಿಕೊಂಡೆ. ಕೆಲಸದ ನೋಟ್‌ಬುಕ್ಕು ಇಂಗ್ಲಿಷಿನಲ್ಲಿರಬೇಕು, ಅದರಲ್ಲಿ ಯಾರನ್ನೂ ಬೈಯುವ ಹಾಗಿಲ್ಲ. ಇಲ್ಲಿ ಬೈಯಬಹುದು.

ಮೊದಲ ಬೈಗುಳ ಅಂಜನ್ ಕುಮಾರ್ ಸರ್‌ಗೆ. ನಾಲ್ಕು ವರ್ಷ ಅವರ ಬೆಂಗಳೂರಿನ ಲ್ಯಾಬಿನಲ್ಲಿ ಅಕ್ಷಿಪಟಲದ ಕೋಶಗಳ ಜೊತೆ ನೆಮ್ಮದಿಯಾಗಿದ್ದೆ. ಕಣ್ಣಿನ ಹಿಂಬದಿಯ ಆ ತೆಳು ಪದರದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸುವುದು, ಆಮ್ಲಜನಕ ಜಾಸ್ತಿ ಬಿಟ್ಟು ಕೆಡಿಸುವುದು, ಔಷಧಿ ಹಾಕಿ ಎಷ್ಟು ಉಳಿದವು ಎಂದು ನೋಡುವುದು. ಕೋಶಗಳು ಎದುರು ಮಾತಾಡುವುದಿಲ್ಲ, ಕೂತ್ಕಳಿ ಕಾಫಿ ಕುಡೀರಿ ಎನ್ನುವುದಿಲ್ಲ. ಈಗ ಅದೇ ಔಷಧಿ ಮನುಷ್ಯರಿಗೆ ಕೊಟ್ಟು ನೋಡುವ ಹಂತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲೂಕು ಸೇರಿ ಹುಟ್ಟಿನಿಂದ ಇರುಳುಗಣ್ಣಿರುವವರು ಇಪ್ಪತ್ತೆಂಟು ಜನ ಒಪ್ಪಿದ್ದಾರೆ. "ನಿಮ್ಮ ಸೀಮೆಯವರಲ್ವಾ ವನಜಾಕ್ಷಿ, ನೀವೇ ಹೋಗಿ" ಅಂದರು. ಅಮ್ಮ ಹೋದ ಮೇಲೆ ಅಪ್ಪನ ಜೊತೆ ಯಾರಾದರೂ ಇರಬೇಕಲ್ಲ ಎಂದು ನಾನೂ ಹೂಂ ಅಂದುಬಿಟ್ಟೆ. ಒಂದು ವರ್ಷ, ಅಷ್ಟೇ. ಆಮೇಲೆ ನನ್ನ ತಟ್ಟೆ ನನಗೆ.

ಇವತ್ತು ಶಿರಾ ದಾಟಿ ತಾವರೆಕೆರೆ ಕಡೆಯ ಒಂದು ಹಳ್ಳಿ. ಒಂದೇ ಮನೆಯಲ್ಲಿ ಮೂರು ಜನ, ನಮ್ಮ ಕಾಗದದಲ್ಲಿ ಹೆಸರಿಲ್ಲ, ನಂಬರು ಮಾತ್ರ: ಎಸ್-11, ನಲವತ್ತೆಂಟರ ಹೆಂಗಸು, ಎಸ್-12, ಅವಳ ತಮ್ಮ, ಎಸ್-13, ತಮ್ಮನ ಮಗಳು, ಹತ್ತೊಂಬತ್ತು ವರ್ಷ, ಶಿರಾದಲ್ಲಿ ಬಿಎ ಓದುತ್ತಾಳೆ. ಮನೆಯ ಯಜಮಾನಿ ಮೊದಲಿಬ್ಬರ ತಾಯಿ ಮಾರಕ್ಕ. ಎಪ್ಪತ್ತು ದಾಟಿದೆ, ಅವಳ ಕಣ್ಣು ಮಾತ್ರ ಹದ್ದಿನ ಕಣ್ಣು.

ನಿಯಮದ ಪ್ರಕಾರ ಎಲ್ಲವನ್ನೂ ವಿವರಿಸಿದೆ. ಕಣ್ಣಿನಲ್ಲಿ ಕತ್ತಲಿಗೆ ಬೇಕಾದ ದಂಡಕೋಶಗಳು, ಬೆಳಕಿಗೆ ಬೇಕಾದ ಶಂಕುಕೋಶಗಳು ಎಂದು ಎರಡು ಬಗೆ. ಈ ಕಾಯಿಲೆಯಲ್ಲಿ ಮೊದಲು ಸಾಯುವುದು ದಂಡಕೋಶ. ಅವು ಸತ್ತ ಮೇಲೆ ಅವುಗಳ ಪಾಲಿನ ಆಮ್ಲಜನಕ ಹಾಗೇ ಮಿಕ್ಕಿ, ಏನೂ ತಪ್ಪು ಮಾಡದ ಶಂಕುಕೋಶಗಳನ್ನು ಸುಡುತ್ತದೆ. ಸತ್ತದ್ದನ್ನು ಬದುಕಿಸಲು ನಮ್ಮ ಮಾತ್ರೆಗೆ ಆಗುವುದಿಲ್ಲ, ಉಳಿದಿರುವುದನ್ನು ಕಾಯಬಹುದೇನೋ ಎಂದು ನೋಡುತ್ತಿದ್ದೇವೆ.

ಮಾರಕ್ಕ ಗಲ್ಲಕ್ಕೆ ಕೈಕೊಟ್ಟು ಕೇಳಿದಳು. "ಅಂದ್ರೆ ಉಣ್ಣೋರು ಹೋದ್ಮೇಲೂ ಅಷ್ಟೇ ಅಡ್ಗೆ ಮಾಡ್ತಾ ಇದ್ರೆ, ಮಿಕ್ಕಿದ್ದು ಹಳಸಿ ಇರೋರ ಹೊಟ್ಟೆ ಕೆಡಿಸ್ತದಲ್ಲ, ಅಂಗೆ."

ಭಲೇ ಅಜ್ಜಿ ಅಂದುಕೊಂಡೆ. ಆಮೇಲೆ ಮುಖ್ಯವಾದ ಮಾತು ಹೇಳಿದೆ. ಕೆಲವು ಡಬ್ಬಿಯಲ್ಲಿ ಔಷಧಿ ಇರುತ್ತದೆ, ಕೆಲವು ಡಬ್ಬಿಯಲ್ಲಿ ಬರೀ ಹಿಟ್ಟು. ಮಾತ್ರೆ ನೋಡಲು ಎರಡೂ ಒಂದೇ. ಯಾರ ಡಬ್ಬಿಯಲ್ಲಿ ಯಾವುದಿದೆ ಎಂದು ನನಗೂ ಗೊತ್ತಿಲ್ಲ, ಗೊತ್ತಾಗಲೂಬಾರದು. ದಿನ ಬೆಳಗ್ಗೆ ತಲಾ ಎರಡು ಮಾತ್ರೆ.

"ಒಂದೇ ಮನೇಲಿ ಒಬ್ರಿಗೆ ಔಷ್ದಿ, ಒಬ್ರಿಗೆ ಹಿಟ್ಟಾ? ಅದೆಂಗವ್ವ?"

"ಹಂಗೆ ಮಾಡಿದ್ರೇನೇ ಅಜ್ಜಿ ಔಷಧಿ ಕೆಲಸ ಮಾಡ್ತೋ ಇಲ್ವೋ ಗೊತ್ತಾಗೋದು."

ಮಾರಕ್ಕ ಮತ್ತೆ ಏನೂ ಕೇಳಲಿಲ್ಲ. ಅರ್ಥವಾಯಿತು ಎಂದು ಬರೆದುಕೊಂಡು ಮೂವರ ಸಹಿ ಹಾಕಿಸಿಕೊಂಡೆ.

ಊಟಕ್ಕೆ ಎದ್ದರು. ಬುತ್ತಿ ತಂದಿದೀನಿ ಎಂದು ತಪ್ಪಿಸಿಕೊಂಡು ಹಾಲಿನ ಡೈರಿ ಕಟ್ಟೆಯ ಮೇಲೆ ಉಪ್ಪಿಟ್ಟು ತಿಂದೆ. ಮನೆಗೆ ಬರುವಷ್ಟರಲ್ಲಿ ಸೊಂಟ ಬಿದ್ದುಹೋಗಿತ್ತು. ಅಪ್ಪ ಟಿವಿ ಮುಂದೆ ಉಂಡ, ನಾನು ಅಡುಗೆಮನೆಯಲ್ಲಿ ನಿಂತು ಉಂಡೆ. ಅನ್ನ ಇವತ್ತೂ ಜಾಸ್ತಿ ಆಯಿತು. ಮೂರು ಜನಕ್ಕೆ ಇಡುವ ಅಭ್ಯಾಸ ಕೈಬಿಟ್ಟು ಹೋಗಿಲ್ಲ.

ಜುಲೈ 8

ಪಾವಗಡ. ಎಸ್-22 ಕೆಂಪಯ್ಯ ನಾಲ್ಕು ದಿನ ಮಾತ್ರೆ ನುಂಗಿ ಡಬ್ಬಿಯನ್ನು ಅಟ್ಟದ ಮೇಲೆ ಎಸೆದಿದ್ದಾನೆ. "ಏಮಮ್ಮಾ, ನಾಲ್ಕು ದಿನ ನುಂಗಿದ್ನಲ್ಲ, ಏಮೀ ಲೇದು. ಕಣ್ಣು ಬರಲೇ ಇಲ್ಲ" ಎಂದು ನನ್ನನ್ನೇ ಬೈದ. ತೆಲುಗಿನಲ್ಲಿ ಬೈಸಿಕೊಂಡರೆ ಅರ್ಧ ಅರ್ಥವಾಗುವುದಿಲ್ಲ, ಅದೊಂದೇ ಸಮಾಧಾನ.

ಜುಲೈ 10, ಬುಧವಾರ

ತಾವರೆಕೆರೆ ಕಡೆಯ ಮನೆಯವರಿಗೆ ಉದ್ದಂಡ ನಮಸ್ಕಾರ. ಡಬ್ಬಿಯಲ್ಲಿ ಎಪ್ಪತ್ತು ಮಾತ್ರೆ ಇರುತ್ತವೆ, ಮೂವತ್ತು ದಿನಕ್ಕೆ ಅರವತ್ತು ಹೋಗಿ ಹತ್ತು ಉಳಿಯಬೇಕು. ಉಳಿದದ್ದು ಎಣಿಸಿ ಗೊತ್ತುಮಾಡಿಕೊಳ್ಳುತ್ತೇವೆ. ಎಲ್ಲ ಕಡೆ ಹದಿನೇಳು, ಇಪ್ಪತ್ಮೂರು, ಒಂದು ಕಡೆ ಸೊನ್ನೆ. ಈ ಮನೆಯಲ್ಲಿ ಮೂರು ಡಬ್ಬಿಯಲ್ಲೂ ಹತ್ತು, ಹತ್ತು, ಹತ್ತು. ಸರ್‌ಗೆ ಫೋನು ಮಾಡಿ ಜಂಬ ಕೊಚ್ಚಿಕೊಂಡೆ. "ನಾನು ಕೂತು ವಿವರಿಸಿದ್ದಕ್ಕೆ ಸರ್" ಅಂದೆ.

ಜುಲೈ 19

ಮಳೆ. ಸ್ಕೂಟಿ ಸ್ಟಾರ್ಟ್ ಆಗಲಿಲ್ಲ. ಅಪ್ಪ ಡ್ಯೂಟಿಗೆ ಹೋಗುವ ಮುಂಚೆ ಕೇಳದೆಯೇ ಬಿಚ್ಚಿ, ಪ್ಲಗ್ ಉಜ್ಜಿ, ಸರಿಮಾಡಿಟ್ಟು ಹೋಗಿದ್ದ. ಏನಾದರೂ ಹೇಳಬೇಕಿತ್ತು.

ಆಗಸ್ಟ್ 9, ಶುಕ್ರವಾರ

ಮತ್ತೆ ಹತ್ತು, ಹತ್ತು, ಹತ್ತು.

ಎಸ್-11, ಅಂದರೆ ಅಶ್ವತ್ಥಮ್ಮ, ಜಗಲಿಯ ಮೇಲೆ ಕನಕಾಂಬರ ಕಟ್ಟುತ್ತಿದ್ದಳು. ಮುಖ ರಸ್ತೆ ಕಡೆ, ಬೆರಳು ಹೂವಿನ ಕಡೆ. ಅವಳಿಗೆ ಈಗ ಉಳಿದಿರುವುದು ನಡುವೆ ಒಂದು ಸಣ್ಣ ತೂತಿನಷ್ಟು ನೋಟ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಮಕ್ಕಳಿಲ್ಲ. ತಮ್ಮ ಅಡವಯ್ಯನಿಗೆ ಕೊಳವೆಯೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಹಾಗಿದ್ದೂ ಹಗಲಲ್ಲಿ ಕುರಿ ಮೇಯಿಸುತ್ತಾನೆ, ಒಂದೊಂದನ್ನೂ ಕೂಗಿನಲ್ಲೇ ಗುರುತು ಹಿಡಿಯುತ್ತಾನೆ. ಹುಡುಗಿ ಸುನಿತಾಗೆ ಹಗಲು ಪೂರ್ತಿ ಕಾಣುತ್ತದೆ, ಸೂರ್ಯ ಇಳಿದ ಮೇಲೆ ಇಲ್ಲ. ಸಂಜೆ ಬಸ್ಸು ತಡವಾದರೆ ಅವಳಮ್ಮ ಈಶ್ವರಮ್ಮ ಗಾರ್ಮೆಂಟ್ಸ್‌ನಿಂದ ಬಂದವಳು ಹಾಗೇ ಬಸ್‌ಸ್ಟಾಪಿನಲ್ಲಿ ಕಾದು, ಕೈಹಿಡಿದು ಕರೆತರುತ್ತಾಳೆ.

"ಅಕ್ಕಾ, ನೀನು ಮದ್ವೆ ಯಾಕಾಗ್ಲಿಲ್ಲ?" ಎಂದು ಸುನಿತಾ ಕೇಳಿದಳು. ಅವಳಿಗೆ ಭಯ ಎಂಬುದೇ ಇಲ್ಲ.

"ನಿನ್ನಂಥೋರ ರಕ್ತ ತೆಗೆದೂ ತೆಗೆದೂ ಟೈಮ್ ಸಿಗ್ಲಿಲ್ಲ."

ವಂಶದ ನಕ್ಷೆ ಬರೆಯಲು ಮಾರಕ್ಕನ ಪಕ್ಕ ಕೂತೆ. ಅವಳನ್ನು ಸೋದರಮಾವನಿಗೇ ಕೊಟ್ಟಿದ್ದರಂತೆ. ಅವಳೂ ತಮ್ಮನ ಮಗಳು ಈಶ್ವರಮ್ಮನನ್ನು ಮಗನಿಗೆ ತಂದುಕೊಂಡಳು. ಹಾಳೆಯ ಮೇಲೆ ಜೋಡಿಗೆರೆಗಳು ಎಳೆದೆ, ರಕ್ತಸಂಬಂಧದ ಮದುವೆಗೆ ಎರಡು ಗೆರೆ. ಮಾರಕ್ಕ ಅದನ್ನೇ ನೋಡುತ್ತಿದ್ದಳು.

"ಎಲ್ಡು ಗೆರೆ ಯಾಕವ್ವಾ?"

ಹೇಳಿದೆ. ಅವಳು ಒಳಗಿನವರಿಗೆ ಕೇಳದ ಹಾಗೆ ಅಂದಳು: "ಗುರುತಿಲ್ದೋರ ಮನೆಯಿಂದ ಯಾಕೆ ತರ್ಬೇಕು, ನಮ್ ಹೆಣ್ಣು ನಮ್ ಮನೇಲೇ ಇರ್ಲಿ ಅಂತ ಹಟ ಹಿಡ್ದೋಳು ನಾನೇ. ಮಕ್ಳ ಕಣ್ಣು ನಾನೇ ಕಿತ್ತಂಗಾಯ್ತಲ್ಲ."

ಇಂಥ ಮಾತಿಗೆ ನಮಗೆ ತರಬೇತಿಯಲ್ಲಿ ಒಂದು ಉತ್ತರ ಕಲಿಸಿದ್ದಾರೆ. ಅದು ಬಾಯಿಗೆ ಬರಲಿಲ್ಲ. "ಯಾರಿಗೆ ಗೊತ್ತಿತ್ತಜ್ಜಿ. ನಮ್ಮಮ್ಮನೂ ಸೋದರಮಾವನ್ನೇ ಆಗಿದ್ದು. ನನಗೆ ಕಣ್ಣು ಚೆನ್ನಾಗೇ ಇವೆ. ಅದು ಚೀಟಿ ಎತ್ತಿದಂಗೆ" ಅಂದೆ. ಅವಳು ನನ್ನ ಕಣ್ಣನ್ನೇ ನೋಡಿ ಒಳಗೆ ಹೋಗಿ ಒಂದು ಲೋಟ ಅಂಬಲಿ ತಂದಳು. ಕುಡಿದೆ.

ಸೆಪ್ಟೆಂಬರ್ 18, ಬುಧವಾರ

ಮನೆಗೆ ಬಂದವಳೇ ಬರೆಯಲು ಕೂತಿದ್ದೇನೆ.

ಕಳ್ಳಂಬೆಳ್ಳದಲ್ಲಿ ಒಬ್ಬರನ್ನು ನೋಡುವುದಿತ್ತು. ಅವರು ಊರಲ್ಲಿರಲಿಲ್ಲ. ಹೇಗೂ ಹೊತ್ತಿದೆ ಎಂದು ಹಾಗೇ ಮುಂದೆ ಹೋಗಿ ಮಾರಕ್ಕನ ಮನೆಗೆ ಬೆಳಗ್ಗೆ ಒಂಬತ್ತಕ್ಕೆ ನುಗ್ಗಿದೆ. ಹೇಳದೆ ಹೋದದ್ದು ಇದೇ ಮೊದಲು.

ನಡುಮನೆಯಲ್ಲಿ ಮೂವರೂ ಸಾಲಾಗಿ ಕೂತಿದ್ದರು. ಮಾರಕ್ಕ ತೊಡೆಯ ಮೇಲೆ ಒಂದು ಸ್ಟೀಲ್ ಡಬ್ಬ ಇಟ್ಟುಕೊಂಡು, ಕೈ ಹಾಕಿ ಒಮ್ಮೆ ಕಲಸಿ, ಒಬ್ಬೊಬ್ಬರ ಅಂಗೈಗೂ ಎರಡೆರಡು ಮಾತ್ರೆ ಹಾಕುತ್ತಿದ್ದಳು. ನನ್ನ ಮೂರು ಡಬ್ಬಿಗಳು, ಎಸ್-11, ಎಸ್-12, ಎಸ್-13, ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ್ದವು.

"ಏನಜ್ಜಿ ಇದು?" ನನ್ನ ದನಿ ನನಗೇ ಕಿರುಚಿದ ಹಾಗೆ ಕೇಳಿತು.

ಅವಳಿಗೆ ಒಂದಿಷ್ಟೂ ಗಾಬರಿಯಿಲ್ಲ. "ನೀನೇ ಯೋಳ್ದಲ್ಲವ್ವಾ, ಒಂದ್ರಾಗೆ ಔಷ್ದಿ ಒಂದ್ರಾಗೆ ಹಿಟ್ಟು, ಯಾವ್ದು ಯಾವ್ದ್ರಾಗೋ ನಂಗೂ ಗೊತ್ತಿಲ್ಲ ಅಂತ. ನೀನು ಬೇಕಂತ ಮಾಡ್ದೋಳಲ್ಲ, ಗೊತ್ತಿಲ್ದೆ ಮಾಡೀಯ. ನನ್ ಕೈಯಾಗೆ ಪಂತಿಭೇದ ಆಗಕ್ಕಿಲ್ಲ ಕಣವ್ವ. ಒಂದೇ ಸಾಲಾಗೆ ಕುಂತೋರಿಗೆ ಒಬ್ರಿಗೆ ತುಪ್ಪ ಹಾಕಿ ಒಬ್ರಿಗೆ ನೀರು ಹಾಕದಾ? ಬೆರೆಸ್ಬುಟ್ಟೆ. ಇದ್ದಷ್ಟು ಎಲ್ರಿಗೂ ಬರ್ಲಿ."

"ಯಾವತ್ತಿಂದ?"

"ನೀನು ಮೊದಲ್ನೇ ದಪ ಕೊಟ್ಟೋದಲ್ಲ, ಅವತ್ತಿಂದ. ನೀನು ಬರೋ ಹಿಂದಿನ್ ದಿನ ಹತ್ತತ್ತು ಎಣಿಸಿ ವಾಪಸ್ ಹಾಕ್ತೀನಿ. ಲೆಕ್ಕ ತಪ್ಪಿಲ್ವಲ್ಲ?"

ಲೆಕ್ಕ ತಪ್ಪಿಲ್ಲ! ಅಯ್ಯೋ ನನ್ನ ಕರ್ಮವೇ. ಯಾವುದನ್ನು ಇಡೀ ಸಂಶೋಧನೆಗೇ ಮಾದರಿ ಎಂದು ಜಂಬ ಪಟ್ಟೆನೋ ಅದು ಮಾರಕ್ಕನ ಕೈಲೆಕ್ಕ. ನಾನು ತಲೆಹಿಡಿದು ಕೂತದ್ದು ನೋಡಿ ಅಶ್ವತ್ಥಮ್ಮ ಹೆದರಿದಳು. "ಮಾತ್ರೆ ನಿಲ್ಲಿಸ್ಬುಡ್ತೀರಾ ಮೇಡಂ? ನಮ್ದೆಂಗೋ ಆಯ್ತು. ಕೂಸಿಗಾದ್ರೂ ಕೊಡಿ" ಅಂದಳು. ಅಡವಯ್ಯ ಎದ್ದು ಹೊರಗೆ ಹೋದ.

ಇನ್ನು ಮುಂದೆ ಬೆರೆಸಬೇಡಿ ಎಂದು ಕೈಮುಗಿದು ಹೇಳಿ ಬಂದೆ. ಮಾರಕ್ಕ ಹೂಂ ಅಂದಳು.

ಸೆಪ್ಟೆಂಬರ್ 19

ಸರ್‌ಗೆ ಹೇಳಬೇಕು. ಹೇಳಿದರೆ ಮೂವರನ್ನೂ ಕೈಬಿಡುತ್ತಾರೆ, ಅದೇ ನಿಯಮ. ಸುನಿತಾಳ ಶಂಕುಕೋಶಗಳು ಇನ್ನೂ ಚೆನ್ನಾಗಿವೆ, ಕಾಯಬಹುದಾದ ಕಣ್ಣೇನಾದರೂ ಇದ್ದರೆ ಇಪ್ಪತ್ತೆಂಟರಲ್ಲಿ ಅದು ಅವಳದು.

ಫೋನು ಮೂರು ಸಲ ಎತ್ತಿ ಇಟ್ಟೆ.

ಸೆಪ್ಟೆಂಬರ್ 23

ಇವತ್ತೂ ಹೇಳಲಿಲ್ಲ.

ಅಕ್ಟೋಬರ್ 2, ಬುಧವಾರ

ಮಹಾಲಯ ಅಮಾವಾಸ್ಯೆ. ಅಮ್ಮನಿಗೆ ಮೊದಲ ಎಡೆ. ಅವಳಿಗೆ ಇಷ್ಟ ಎಂದು ಹುರುಳಿಕಾಳು ಬಸ್ಸಾರು ಮಾಡಿದೆ, ಖಾರ ಹೆಚ್ಚಾಯಿತು. ಅಪ್ಪ ಎಡೆ ಮುಂದೆ ಕೂತು ಬಹಳ ಹೊತ್ತು ಏಳಲಿಲ್ಲ. ಆಮೇಲೆ ತಟ್ಟೆ ತೆಗೆದುಕೊಂಡು ಟಿವಿ ಮುಂದೆ ಹೋದ. ಟಿವಿ ಹಾಕಲಿಲ್ಲ.

ಅಕ್ಟೋಬರ್ 9

ತಾವರೆಕೆರೆ. ನಾಲ್ಕು ತಿಂಗಳ ರಕ್ತಪರೀಕ್ಷೆಗೆ ಮೂವರಿಂದಲೂ ರಕ್ತ ತೆಗೆದೆ. ಹತ್ತು, ಹತ್ತು, ಹತ್ತು. ಎಣಿಸುವಾಗ ಮಾರಕ್ಕನ ಮುಖ ನೋಡಲಿಲ್ಲ. ಅವಳೂ ನನ್ನ ಮುಖ ನೋಡಲಿಲ್ಲ. ಸುನಿತಾ ಯಾಕೋ ಬಾಡಿದ್ದಳು. ಹೊಟ್ಟೆ ತೊಳಸುತ್ತದಂತೆ.

ಹಬ್ಬಕ್ಕೆ ಬಾ ಎಂದು ಅಶ್ವತ್ಥಮ್ಮ ಒಂದು ಮೊಳ ಕನಕಾಂಬರ ಕೊಟ್ಟಳು. ಮನೆಗೆ ತಂದು ಅಮ್ಮನ ಫೋಟೋಗೆ ಹಾಕಿದೆ.

ಅಕ್ಟೋಬರ್ 16, ಬುಧವಾರ

ರಿಪೋರ್ಟ್ ಬಂತು. ಸುನಿತಾಳ ಲಿವರ್ ಅಂಕಿ ಇರಬೇಕಾದ್ದಕ್ಕಿಂತ ಎರಡೂವರೆ ಪಟ್ಟು. ಪಕ್ಕದಲ್ಲಿ ಕೆಂಪು ನಕ್ಷತ್ರ. ಬೇರೆ ಇಬ್ಬರದೂ ಸರಿಯಾಗಿದೆ.

ಒಂದೇ ಡಬ್ಬ, ಒಂದೇ ಕೈ, ಸಮಪಾಲು. ಅವಳೊಬ್ಬಳಿಗೆ ಯಾಕೆ?

ನಾಳೆ ಬೆಳಗ್ಗೆಯೇ ಹೋಗುತ್ತೇನೆ. ಆ ಮಗುವಿಗೆ ಏನಾದರೂ ಆದರೆ ಅದು ನನ್ನಿಂದ. ಹೇಳಬೇಕಾದಾಗ ನಾನು ಹೇಳಲಿಲ್ಲ.

ಅಕ್ಟೋಬರ್ 17, ಗುರುವಾರ

ಸುನಿತಾಳನ್ನು ಕಾಲೇಜಿಗೆ ಬಿಡದೆ ಹುಣಸೆಮರದ ಕೆಳಗೆ ಕೂರಿಸಿಕೊಂಡೆ. ದಿನಕ್ಕೆ ಎಷ್ಟು ಮಾತ್ರೆ ನುಂಗುತ್ತೀಯ ಅಂದೆ. ಎರಡು ಅಂದಳು. ನನ್ನ ಮುಖ ನೋಡಿದಳು. ಆಮೇಲೆ "ಆರು" ಅಂದಳು.

ಅಜ್ಜಿ ಎರಡು ಕೊಡುತ್ತಾಳೆ. ಅದು ಅವಳ ಪಾಲು. ಅತ್ತೆ ಅಶ್ವತ್ಥಮ್ಮ ತನ್ನ ಎರಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಹೂ ಕೀಳುವ ನೆಪದಲ್ಲಿ ಕರೆದು ಕೊಡುತ್ತಾಳೆ. ಅವಳಪ್ಪ ಅಡವಯ್ಯ ತನ್ನ ಎರಡನ್ನು ನಾಲಿಗೆ ಕೆಳಗೆ ಇಟ್ಟುಕೊಳ್ಳಲು ಬರದೆ, ಮುಷ್ಟಿಯಲ್ಲೇ ಮುಚ್ಚಿಕೊಂಡು, ಬಸ್‌ಸ್ಟಾಪಿನ ತನಕ ಕುರಿ ಹೊಡೆದುಕೊಂಡು ಬಂದು ಅಲ್ಲಿ ಕೊಡುತ್ತಾನೆ. ಇಬ್ಬರೂ ಒಂದೇ ಮಾತು ಹೇಳಿದ್ದಾರೆ: ವಯಸ್ಸಿನೋರಿಗೆ ಜಾಸ್ತಿ ಬೇಕಂತೆ, ಮೇಡಂ ಹೇಳವ್ರೆ, ಯಾರಿಗೂ ಹೇಳ್ಬ್ಯಾಡ. ಅತ್ತೆ ಕೊಡುವುದು ಅಪ್ಪನಿಗೆ ಗೊತ್ತಿಲ್ಲ, ಅಪ್ಪ ಕೊಡುವುದು ಅತ್ತೆಗೆ ಗೊತ್ತಿಲ್ಲ. ಜೂನಿನಿಂದ.

"ಬಿಎ ಓದ್ತೀಯಲ್ಲೇ! ನಾನು ಹಂಗೆ ಹೇಳಲ್ಲ ಅಂತ ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಿತ್ತಕ್ಕ. ಬ್ಯಾಡ ಅಂದ್ರೆ ಅಳ್ತಾರೆ. ಅಪ್ಪ ಅತ್ರೆ ನಂಗೆ ನೋಡಕ್ಕಾಗಲ್ಲ."

ಅವಳಿಗೆ ಬೈಯಲು ಹೋಗಿ ನಾನೇ ಅತ್ತುಬಿಟ್ಟೆ. ಥೂ.

ಮನೆಗೆ ಹೋಗಿ ಎಲ್ಲರ ಮುಂದೆ ಕೇಳಿದೆ. ಅಕ್ಕ ತಮ್ಮ ಇಬ್ಬರೂ ಕಳ್ಳರು ಸಿಕ್ಕಿಬಿದ್ದ ಹಾಗೆ ತಲೆ ತಗ್ಗಿಸಿದರು. "ನೀನೂವೇನಕ್ಕ?" ಎಂದು ಅಡವಯ್ಯ, "ನೀನೂ ಕೊಡ್ತಿದ್ಯೇನ್ಲಾ?" ಎಂದು ಅಶ್ವತ್ಥಮ್ಮ. ಲಿವರ್ ವಿಷಯ ಹೇಳಿದೆ. ಮಾರಕ್ಕ ಸ್ಟೀಲ್ ಡಬ್ಬ ತಂದು ನನ್ನ ಮುಂದೆ ಇಟ್ಟಳು. ಹೊಸ ಮಾತ್ರೆಗಳೂ ಅದರಲ್ಲೇ ಇದ್ದವು.

"ನೀನು ಬ್ಯಾಡ ಅಂದೆ, ನಾನು ಹೂಂ ಅಂದೆ. ಕೈ ಕೇಳ್ಲಿಲ್ಲ. ಕೂಸಿಗೇನೂ ಆಗಕ್ಕಿಲ್ಲ ಅಂತ ಯೋಳು ಮಗಾ."

ಡಬ್ಬ ಚೀಲಕ್ಕೆ ಹಾಕಿಕೊಂಡೆ. ಆ ಜಗಲಿಯಲ್ಲೇ ಕೂತು ಸರ್‌ಗೆ ಫೋನು ಮಾಡಿ ಎಲ್ಲ ಹೇಳಿದೆ, ಸೆಪ್ಟೆಂಬರ್ ಹದಿನೆಂಟರಂದೇ ಗೊತ್ತಿತ್ತು ಎಂಬುದನ್ನೂ.

"ನಾಲ್ಕು ವಾರ ಮುಚ್ಚಿಟ್ಟಿದ್ರಾ ವನಜಾಕ್ಷಿ?" ಅಂದರು. ಅಷ್ಟೇ. ಕಿರುಚಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ 18

ಮೂವರನ್ನೂ ಕೈಬಿಟ್ಟಿದ್ದಾರೆ. ಸುನಿತಾ ಅಪಾಯದಲ್ಲಿರಬಹುದು ಎಂದು ಮೂರೂ ಡಬ್ಬಿಯ ಗುಟ್ಟು ತೆರೆಯಲು ಸರ್ ಸಂಶೋಧನೆಯ ಮೇಲ್ವಿಚಾರಣೆಯ ಸಮಿತಿಗೆ ಬರೆದಿದ್ದಾರೆ. ನನ್ನ ಮೇಲೆ ವರದಿ ಹೋಗುತ್ತದೆ. ಡಿಸೆಂಬರಿನಿಂದ ಲ್ಯಾಬಿಗೆ ವಾಪಸ್ ಬನ್ನಿ, ಅಲ್ಲಿಗೆ ಬೇರೆಯವರನ್ನು ಕಳಿಸುತ್ತೇನೆ ಅಂದರು. ಒಪ್ಪಿಕೊಂಡ ಒಂದು ವರ್ಷ ಇಲ್ಲೇ ಮುಗಿಸಲು ಬಿಡಿ ಸರ್ ಎಂದುಬಿಟ್ಟೆ. ಯಾಕೆ ಹಾಗಂದೆನೋ. ಜೂನಿನಲ್ಲಾಗಿದ್ದರೆ ಕುಣಿದುಕೊಂಡು ಹೋಗುತ್ತಿದ್ದೆ.

ಅಕ್ಟೋಬರ್ 20, ಭಾನುವಾರ

ಏನೂ ತಿನ್ನಲಾಗಲಿಲ್ಲ. ಅಪ್ಪ ಕೇಳಿದ, ಏನಾಯ್ತಮ್ಮ ಎಂದು. ಟಿವಿ ಶಬ್ದ ತಗ್ಗಿಸಿ ಕೇಳಿದ.

ಅಕ್ಟೋಬರ್ 21, ಸೋಮವಾರ

ಮಧ್ಯಾಹ್ನ ಸರ್ ಫೋನು. ಗುಟ್ಟು ತೆರೆದರು. ಎಸ್-12 ಬರೀ ಹಿಟ್ಟು. ಎಸ್-13 ಬರೀ ಹಿಟ್ಟು. ಔಷಧಿ ಇದ್ದದ್ದು ಎಸ್-11ರಲ್ಲಿ ಮಾತ್ರ. ಅಶ್ವತ್ಥಮ್ಮನ ಡಬ್ಬಿ.

ನಾನು ಕೊರಟಗೆರೆ ಬಸ್‌ಸ್ಟ್ಯಾಂಡಿನ ಎದುರು ಸ್ಕೂಟಿ ನಿಲ್ಲಿಸಿ ನಿಂತಿದ್ದೆ. ತಲೆಯಲ್ಲಿ ಲೆಕ್ಕ ತಾನಾಗಿಯೇ ಓಡಿತು. ಮೂರು ಡಬ್ಬಿ ಬೆರೆಸಿದರೆ ಮೂರರಲ್ಲಿ ಒಂದು ಮಾತ್ರೆ ಔಷಧಿ. ದಿನಕ್ಕೆ ಆರು ನುಂಗಿದರೆ ಅದರಲ್ಲಿ ಹೆಚ್ಚುಕಡಿಮೆ ಎರಡು ಔಷಧಿ, ನಾಲ್ಕು ಹಿಟ್ಟು. ಎರಡು. ಔಷಧಿ ಸಿಗುವವರಿಗೆ ನಾವು ಕೊಡಬೇಕೆಂದಿದ್ದೂ ಅಷ್ಟೇ.

"ಸರ್, ಅವಳಿಗೆ ಡೋಸ್ ಹೆಚ್ಚಾಗಿಲ್ಲ" ಅಂದೆ. ಆ ಕಡೆ ಅವರೂ ಲೆಕ್ಕ ಹಾಕಿದರು. "ಸರಿಯಾದ ಡೋಸೇ ಹೋಗಿದೆ" ಅಂದರು. ಆಮೇಲೆ, "ಹಾಗಿದ್ರೆ ಲಿವರ್ ಯಾಕೆ ಏರಿತು? ಜ್ವರಗಿರ ಬಂದಿತ್ತಾ ಕೇಳಿ."

ಸುನಿತಾಗೆ ಫೋನು ಮಾಡಿ ಕೇಳಿದೆ. ರಕ್ತ ತೆಗೆಯುವ ಮುಂಚಿನ ವಾರ ಜ್ವರ ಬಂದು, ಕಾಲೇಜಿನ ಪರೀಕ್ಷೆ ಹತ್ತಿರ ಬಂತೆಂದು ಅಂಗಡಿಯ ಜ್ವರದ ಮಾತ್ರೆ ಎರಡೆರಡು, ದಿನಕ್ಕೆ ನಾಲ್ಕೈದು ಸಲ ನುಂಗಿದ್ದಾಳೆ ಮಹಾರಾಯ್ತಿ. ಈ ಮನೆಯವರಿಗೆ ಮಾತ್ರೆ ಕೈಗೆ ಸಿಗಬಾರದು. ನಮ್ಮ ತಂಡದ ಡಾಕ್ಟರಿಗೆ ತಿಳಿಸಿದೆ, ಅದೇ ಇರಬಹುದು, ಎರಡು ವಾರ ಬಿಟ್ಟು ಮತ್ತೆ ನೋಡೋಣ ಅಂದರು.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ, ಮೊದಲಿನಿಂದ. ಬೋಲ್ಟು ನಟ್ಟಿನ ಮನುಷ್ಯ, ದಂಡಕೋಶ ಶಂಕುಕೋಶ ಎಲ್ಲ ಕೇಳಿಸಿಕೊಂಡ. ಹೇಳುತ್ತಾ ಹೇಳುತ್ತಾ ಒಂದೇ ಚಾಪೆಯ ಮೇಲೆ ಊಟ ಮುಗಿದಿತ್ತು. "ಬಸ್ಸಾರಿಗೆ ಅವತ್ತು ನೀನು ಖಾರ ಜಾಸ್ತಿ ಹಾಕಿದ್ದೆ ಕಣಮ್ಮ, ಅವಳೂ ಹಂಗೇ ಹಾಕ್ತಿದ್ಲು" ಅಂದ. ಅನ್ನ ಇವತ್ತು ಸರಿಯಾಯಿತು.

ನವೆಂಬರ್ 5, ಮಂಗಳವಾರ

ಸುನಿತಾಳ ಲಿವರ್ ಸರಿಯಾಗಿದೆ! ಸರಿಯಾಗಿದೆ, ಸರಿಯಾಗಿದೆ. ಸ್ಕೂಟಿಯ ಮೇಲೆ ಒಬ್ಬಳೇ ಕೂಗಿದೆ. ಬಡವನಹಳ್ಳಿ ಹತ್ತಿರ ಎಮ್ಮೆ ಹೊಡೆದುಕೊಂಡು ಹೋಗುತ್ತಿದ್ದವನು ತಿರುಗಿ ನೋಡಿದ.

ನವೆಂಬರ್ 14, ಗುರುವಾರ

ಕೈಬಿಟ್ಟವರಿಗೂ ಕೊನೆಯದಾಗಿ ಒಮ್ಮೆ ಕಣ್ಣಿನ ಪರೀಕ್ಷೆ ಮಾಡಬೇಕು. ಮೂವರನ್ನೂ ತುಮಕೂರಿಗೆ ಕರೆದುಕೊಂಡು ಹೋದೆ. ನೋಟ ಎಷ್ಟು ಅಗಲಕ್ಕಿದೆ ಎಂದು ಅಳೆಯುವ ಯಂತ್ರದ ಮುಂದೆ ಒಬ್ಬೊಬ್ಬರೇ ಕೂತರು. ಅಡವಯ್ಯನ ನೋಟ ಜೂನಿನಲ್ಲಿ ಅಳೆದದ್ದಕ್ಕಿಂತ ತುಸು ಕಿರಿದಾಗಿದೆ. ಅಶ್ವತ್ಥಮ್ಮನದು ಇನ್ನೂ ಕಿರಿದಾಗಿದೆ. ಸುನಿತಾಳದು ಜೂನಿನಲ್ಲಿದ್ದಷ್ಟೇ ಇದೆ.

ಐದು ತಿಂಗಳಿಂದ ಏನೂ ಸಾಬೀತಾಗುವುದಿಲ್ಲ. ಒಬ್ಬಳ ಕಣ್ಣಿನಿಂದ ಏನೂ ಸಾಬೀತಾಗುವುದಿಲ್ಲ. ಕೆಲಸದ ನೋಟ್‌ಬುಕ್ಕಿನಲ್ಲಿ ಹಾಗೆಂದೇ ಬರೆದಿದ್ದೇನೆ. ಇಲ್ಲಿ ಮಾತ್ರ ಬರೆಯುತ್ತೇನೆ: ಜೂನಿನಲ್ಲಿದ್ದಷ್ಟೇ ಇದೆ.

ನವೆಂಬರ್ 17, ಭಾನುವಾರ

ಸರ್ ಅನುಮತಿ ಕೊಟ್ಟರು, ಗುಟ್ಟು ತೆರೆದಾಗಿದೆ, ಮನೆಯವರಿಗೆ ಹೇಳಬಹುದು ಎಂದು. ಎರಡು ವರ್ಷಕ್ಕೆ ಸಂಶೋಧನೆ ಮುಗಿಯುತ್ತದೆ, ಔಷಧಿ ಗೆದ್ದರೆ ಈ ಮನೆಗೆ ಮೊದಲು ಕೊಡಿಸುತ್ತೇನೆ ಎಂದೂ ಅಂದರು. ಸುನಿತಾಗೆ ಎರಡು ವರ್ಷ ಕಾಯುವಷ್ಟು ಕಣ್ಣಿದೆ. ಅದನ್ನು ಹೇಳಲು ಹೊರಟಿದ್ದೆ. ಅಪ್ಪನಿಗೂ ರಜೆ, ಶಿರಾದ ತನಕ ಸ್ಕೂಟಿ ಹಿಂದೆ ಕೂತು ಬಂದ. ಅಲ್ಲಿ ಡಿಪೋದ ಹಳೇ ಜೊತೆಗಾರರನ್ನು ನೋಡುವುದಿತ್ತಂತೆ.

ಮಾರಕ್ಕ ಮೊದಲು ಉಣ್ಣು, ಆಮೇಲೆ ಮಾತು ಅಂದಳು. ಸಾಲಿನಲ್ಲಿ ಕೂತೆ. ಅಶ್ವತ್ಥಮ್ಮ, ಅಡವಯ್ಯ, ಈಶ್ವರಮ್ಮ, ಸುನಿತಾ, ನಾನು. ಒಂದೊಂದು ಮುದ್ದೆ, ಎಲ್ಲ ಒಂದೇ ಗಾತ್ರ. ಅವರೆಕಾಳಿನ ಸಾರು. ಅಕ್ಕನಿಗೆ ಒಂದು ಸೌಟು ಹೆಚ್ಚು ಹಾಕಜ್ಜಿ ಎಂದು ಸುನಿತಾ ರೇಗಿಸಿದಳು, ಮಾರಕ್ಕ ಹಾಕಲಿಲ್ಲ.

ಕೈ ತೊಳೆದ ಮೇಲೆ ಹೇಳಿದೆ. ಔಷಧಿ ಇದ್ದದ್ದು ಅಶ್ವತ್ಥಮ್ಮನ ಡಬ್ಬಿಯಲ್ಲಿ, ಉಳಿದೆರಡರಲ್ಲಿ ಹಿಟ್ಟು.

ತನ್ನ ಪಾಲಿನದನ್ನು ಕಳೆದುಕೊಂಡೆ ಎಂದು ಅಶ್ವತ್ಥಮ್ಮ ಅಳುತ್ತಾಳೆ ಎಂದು ದಾರಿಯುದ್ದಕ್ಕೂ ಹೆದರಿದ್ದೆ. ಅವಳು ಎದೆ ಮುಟ್ಟಿಕೊಂಡಳು. "ನಂದೇನಾ? ಸದ್ಯ ಕಣಮ್ಮ. ನಾನು ಕೂಸಿಗೆ ಕೊಟ್ಟಿದ್ದು ದಿಟದ್ದೇ" ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು, ಆದರೆ ನಗುತ್ತಿದ್ದಳು.

ಆಗ ನೋಡಿದೆ ಅಡವಯ್ಯನನ್ನು. ಗೋಡೆಗೆ ಒರಗಿ, ಎರಡೂ ಅಂಗೈಯನ್ನು ಮಡಿಲಲ್ಲಿ ತೆರೆದಿಟ್ಟುಕೊಂಡು ಕೂತಿದ್ದ. ಐದು ತಿಂಗಳಲ್ಲಿ ಅವನು ನನ್ನ ಜೊತೆ ಹತ್ತು ಮಾತಾಡಿಲ್ಲ.

"ನನ್ ಡಬ್ಬೀಲಿ ಬರೀ ಹಿಟ್ಟಾ ಮೇಡಂ?"

"ಹೂಂ ಅಡವಣ್ಣ."

"ಅಂಗಾರೆ ದಿನಾ ಬಸ್‌ಸ್ಟಾಪಿನ ಗಂಟ ಮುಷ್ಟಿ ಹಿಡ್ಕೊಂಡು ಹೋಗ್ತಿದ್ನಲ್ಲ. ನನ್ ಮಗಳಿಗೆ ನಾನು ಹಿಟ್ಟು ಕೊಟ್ನಾ?"

ಆಗ ನನಗೆ ಹೊಳೆಯಿತು. ಹೊಳೆದದ್ದು ಸಮಾಧಾನದ ಮಾತಲ್ಲ, ಸುಳ್ಳೂ ಅಲ್ಲ, ಶುದ್ಧ ಲೆಕ್ಕ.

"ಇಲ್ಲ ಅಡವಣ್ಣ. ಡಬ್ಬಿ ಬೇರೆ ಬೇರೆ ಇದ್ದಿದ್ರೆ ಹಂಗಾಗ್ತಿತ್ತು. ನಿಮ್ಮವ್ವ ಬೆರೆಸಿಬಿಟ್ಟಿದ್ರಲ್ಲ. ಅವರ ಕೈಯಿಂದ ನಿಮ್ಮ ಕೈಗೆ ಬಿದ್ದದ್ರಲ್ಲೂ ಮೂರಕ್ಕೊಂದು ಔಷಧಿ ಇತ್ತು. ಅಕ್ಕ ಎಷ್ಟು ಕೊಟ್ರೋ ನೀವೂ ಅಷ್ಟೇ ಕೊಟ್ಟಿದೀರ."

"ದಿಟವಾ?"

"ದಿಟ. ನಾನು ಓದಿರೋದೇ ಅದನ್ನ."

ಮಾರಕ್ಕ ಸೌಟು ಕೆಳಗಿಟ್ಟಳು. "ಅದ್ಕೇ ಕಣ್ಲಾ ಬೆರೆಸಿದ್ದು" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಅಡವಯ್ಯ ತಲೆಯೆತ್ತಿದ. ಅವನಿಗೆ ಕಾಣುವುದು ಆ ಕೊಳವೆಯಷ್ಟೇ, ಎದುರಿಗೇ ಕೂತವರನ್ನೂ ಹುಡುಕಿಕೊಳ್ಳಬೇಕು. ಮೆಲ್ಲಗೆ ತಲೆಯನ್ನು ಎಡಕ್ಕೆ, ಬಲಕ್ಕೆ, ತುಸು ಕೆಳಕ್ಕೆ ಆಡಿಸಿ ಮಗಳ ಮುಖ ಹುಡುಕಿದ. ಸುನಿತಾ ಅಲ್ಲಾಡದೆ ಕೂತಳು, ಅವನಿಗೆ ಸುಲಭವಾಗಲಿ ಎಂದು. ಸಿಕ್ಕ ಮೇಲೆ ಅವನು ಸುಮ್ಮನೆ ನೋಡುತ್ತಾ ಕೂತ.